ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ. ಕಾರ್ಡ್ ಹೋಗಿದೆಯಾ, ಡ್ರೈವರ್ ಇಲ್ವಾ?

ಬೆಳ್ಳಕ್ಕಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2009ರ ಸುಮಾರಿನ ಒಂದು ಲ್ಯಾಪ್‌ಟಾಪ್ ಇದೆ. ಪರದೆ, ಕೀಬೋರ್ಡ್ ಎಲ್ಲ ಚೆನ್ನಾಗಿವೆ. ವಿಂಡೋಸ್ ತೀರಾ ನಿಧಾನವಾಗಿತ್ತು ಅಂತ ಅದನ್ನು ತೆಗೆದು ಲಿನಕ್ಸ್ ಮಿಂಟ್ ಹಾಕಿದೆ. ಈಗ ಚುರುಕಾಗಿ ಓಡುತ್ತಿದೆ, ಆದರೆ ವೈಫೈ ಮಾತ್ರ ಇಲ್ಲ. ನೆಟ್‌ವರ್ಕ್ ಐಕಾನ್ ಒತ್ತಿದರೆ ಕೇಬಲ್ ಸಂಪರ್ಕದ ಆಯ್ಕೆಯೊಂದೇ ಬರುತ್ತದೆ. ವೈಫೈ ಅನ್ನುವ ಪದವೇ ಎಲ್ಲೂ ಇಲ್ಲ. ವಿಂಡೋಸ್ ಇದ್ದಾಗ ಇದೇ ಯಂತ್ರದಲ್ಲಿ ವೈಫೈ ಸರಿಯಾಗಿತ್ತು. ಅಮ್ಮನಿಗೆ ಓದೋದಕ್ಕೆ, ಬರೆಯೋದಕ್ಕೆ ಕೊಡಬೇಕು ಅಂತ ಸಿದ್ಧ ಮಾಡುತ್ತಿದ್ದೇನೆ. ಕೇಬಲ್ ಎಳೆದುಕೊಂಡು ಕೂರುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ಮರಕುಟಿಗ:
ವಿಂಡೋಸ್‌ನಲ್ಲಿ ನಡೆಯುತ್ತಿತ್ತು ಅಂದರೆ ಕಾರ್ಡ್ ಹಾಳಾಗಿರುವ ಸಾಧ್ಯತೆ ಕಡಿಮೆ. ಇನ್ನೂ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಮೊದಲು ಮೂರು ವಿಷಯ ನೋಡಿ ಹೇಳಿ.

ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ವೈಫೈಗೆ ಬೇರೆಯೇ ಸ್ವಿಚ್ ಇರುತ್ತಿತ್ತು. ಮುಂಭಾಗದ ಅಂಚಿನಲ್ಲೋ ಪಕ್ಕದಲ್ಲೋ ಸಣ್ಣ ಜಾರುಗುಂಡಿ. ಕೆಲವದರಲ್ಲಿ ಎಫ್‌ಎನ್ ಕೀ ಜೊತೆ ಮೇಲಿನ ಸಾಲಿನ ಒಂದು ಕೀ. ಬ್ಯಾಗಿನಿಂದ ತೆಗೆಯುವಾಗ ಕೈ ತಾಗಿ ಆಫ್ ಆಗುವುದು ತುಂಬಾ ಸಾಮಾನ್ಯ.

ಆಮೇಲೆ ಟರ್ಮಿನಲ್ ತೆರೆದು 'ಆರ್‌ಎಫ್‌ಕಿಲ್ ಲಿಸ್ಟ್' ಕಮಾಂಡ್ ಕೊಡಿ. ಅದರಲ್ಲಿ ಸಾಫ್ಟ್ ಬ್ಲಾಕ್, ಹಾರ್ಡ್ ಬ್ಲಾಕ್ ಅಂತ ಎರಡು ಬರುತ್ತವೆ. ಸಾಫ್ಟ್ ಅಂದರೆ ಸಾಫ್ಟ್‌ವೇರ್ ಆಫ್ ಮಾಡಿದೆ, ಅನ್‌ಬ್ಲಾಕ್ ಕಮಾಂಡ್‌ನಿಂದ ತೆಗೆಯಬಹುದು. ಹಾರ್ಡ್ ಅಂದರೆ ಸ್ವಿಚ್ಚೇ ಆಫ್ ಇದೆ ಎಂದು ಯಂತ್ರ ಹೇಳುತ್ತಿದೆ. ಅದಕ್ಕೆ ಕಮಾಂಡ್ ಉಪಯೋಗಕ್ಕೆ ಬರುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. 'ಎಲ್‌ಎಸ್‌ಪಿಸಿಐ' ಕಮಾಂಡ್‌ಗೆ ಡ್ಯಾಶ್ ಹಾಕಿ ಎರಡು ಎನ್ ಸೇರಿಸಿ ಓಡಿಸಿ. ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲಿನ ಕೊನೆಯಲ್ಲಿ ಚೌಕ ಕಂಸದೊಳಗೆ ಕೋಲನ್‌ನಿಂದ ಬೇರೆಯಾದ ಎರಡು ಸಂಖ್ಯೆ ಇರುತ್ತವೆ. ಅವನ್ನು ಇಲ್ಲಿ ಹಾಕಿ. ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರು ನನಗೆ ಬೇಡ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಾರ್ಡ್ ಹಾಕಿ ಮಾರಿರುತ್ತಾರೆ.

ನೀಲಿಶಾಯಿ:
ಇಷ್ಟೆಲ್ಲಾ ಯಾಕೆ? ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದು ಸಿಕ್ಕಿಸಿದರೆ ಮುಗೀತು ಅಲ್ವಾ? ಹಳೇ ಕಾರ್ಡ್ ಸರಿಹೋದರೂ ವೇಗ ಅಷ್ಟಕ್ಕಷ್ಟೇ.

ಮರಕುಟಿಗ:
ಡಾಂಗಲ್ ಒಳ್ಳೆಯ ದಾರಿಯೇ. ಆದರೆ ಒಳಗಿರುವ ಕಾರ್ಡ್‌ಗೆ ಬೇಕಾದದ್ದು ಒಂದು ಸಣ್ಣ ಫೈಲ್ ಮಾತ್ರ ಆಗಿದ್ದರೆ? ಮೊದಲು ಸಂಖ್ಯೆ ಬರಲಿ. ಎಲ್ಲ ಡಾಂಗಲ್‌ಗಳೂ ಲಿನಕ್ಸ್‌ನಲ್ಲಿ ಸಿಕ್ಕಿಸಿದ ತಕ್ಷಣ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಬೆಳ್ಳಕ್ಕಿ:
ಸ್ವಿಚ್ ಆನ್ ಇದೆ, ದೀಪ ಮಾತ್ರ ಹತ್ತುವುದಿಲ್ಲ. ಆರ್‌ಎಫ್‌ಕಿಲ್‌ನಲ್ಲಿ ಬ್ಲೂಟೂತ್‌ನದು ಒಂದೇ ಸಾಲು. ಎಲ್‌ಎಸ್‌ಪಿಸಿಐನಲ್ಲಿ ಬ್ರಾಡ್‌ಕಾಮ್ ಬಿಸಿಎಂ4312 ಅಂತ ಇದೆ, ಸಂಖ್ಯೆ 14ಇ4:4315. ಇದು ಒಳ್ಳೆಯ ಸುದ್ದಿಯಾ, ಕೆಟ್ಟದ್ದಾ?

ಮರಕುಟಿಗ:
ಒಳ್ಳೆಯದೇ. ಕಾರ್ಡ್ ಅಲ್ಲಿದೆ, ಯಂತ್ರಕ್ಕೆ ಕಾಣುತ್ತಿದೆ.

ಕೋಲನ್‌ಗಿಂತ ಮುಂಚಿನ ಸಂಖ್ಯೆ ಚಿಪ್ ಮಾಡಿದ ಕಂಪನಿಯದು. 14ಇ4 ಬ್ರಾಡ್‌ಕಾಮ್, 8086 ಇಂಟೆಲ್, 168ಸಿ ಅಥೆರಾಸ್, 10ಇಸಿ ರಿಯಲ್‌ಟೆಕ್. ಆಮೇಲಿನದು ಆ ಚಿಪ್‌ನದು. ಹಳೇ ಯಂತ್ರದಲ್ಲಿ ಅಥೆರಾಸ್ ಸಿಕ್ಕಿದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಎಟಿಎಚ್5ಕೆ, ಎಟಿಎಚ್9ಕೆ ಡ್ರೈವರ್‌ಗಳು ಕರ್ನೆಲ್‌ನಲ್ಲೇ (ಲಿನಕ್ಸ್‌ನ ತಿರುಳು) ಇವೆ, ಒಳಗೆ ಕೂರಿಸುವ ಆ ಕಾರ್ಡ್‌ಗಳಿಗೆ ಬೇರೆ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ಸಣ್ಣ ಸಾಫ್ಟ್‌ವೇರ್) ಬೇಡ. ಇಂಟೆಲ್‌ಗೆ ಫರ್ಮ್‌ವೇರ್ ಬೇಕು, ಆದರೆ ಹೆಚ್ಚಿನ ಲಿನಕ್ಸ್‌ಗಳು ಅದನ್ನು ಜೊತೆಗೇ ಕೊಡುತ್ತವೆ.

ಬ್ರಾಡ್‌ಕಾಮ್‌ನ ಕತೆ ಬೇರೆ. ನಿಮ್ಮ ಚಿಪ್‌ಗೆ ಬಿ43 ಅನ್ನುವ ಡ್ರೈವರ್ ಕರ್ನೆಲ್‌ನಲ್ಲಿ ಇದೆ. 2008ರ ಜನವರಿಯಲ್ಲಿ ಬಂದ ಕರ್ನೆಲ್ ಆವೃತ್ತಿ 2.6.24ರಲ್ಲಿ ಬಿ43 ಸೇರಿತು. ಕಂಪನಿ ವಿವರ ಕೊಡದೇ ಇದ್ದಾಗ, ಅದರ ಹಳೇ ಡ್ರೈವರ್ ಹೇಗೆ ನಡೆಯುತ್ತದೆ ಅಂತ ಬಿಡಿಸಿ ನೋಡಿ ಜನ ಬರೆದ ಡ್ರೈವರ್ ಇದು. ಅವರ ಶ್ರಮದಿಂದಲೇ ಇಂದಿಗೂ ಇಂಥ ಯಂತ್ರಗಳು ಬದುಕಿವೆ. ಆದರೆ ಚಿಪ್‌ನೊಳಗೆ ಓಡುವ ಫರ್ಮ್‌ವೇರ್ ಕಂಪನಿಯದು, ಅದನ್ನು ಹಂಚುವ ಅನುಮತಿ ಇಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಲ್ಲಿ ಅದು ಬರುವುದಿಲ್ಲ. ಡ್ರೈವರ್ ಇದೆ, ಫರ್ಮ್‌ವೇರ್ ಇಲ್ಲ. ಅದಕ್ಕೇ ವೈಫೈ ಅನ್ನುವ ಪದವೇ ಕಾಣುತ್ತಿಲ್ಲ. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು ಬಿ43 ಇರುವ ಸಾಲುಗಳನ್ನು ಹುಡುಕಿ. 'ಯುಕೋಡ್15' ಅನ್ನುವ ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅಂತ ಇದ್ದರೆ ಅನುಮಾನವೇ ಬೇಡ.

ಹಾಕಬೇಕಾದ ಪ್ಯಾಕೇಜ್‌ನ ಹೆಸರು 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್'. ಅದು ಹಳೇ ಡ್ರೈವರ್ ಫೈಲನ್ನು ಇಳಿಸಿಕೊಂಡು, ಅದರೊಳಗಿನ ಫರ್ಮ್‌ವೇರ್ ಕತ್ತರಿಸಿ ತೆಗೆದು ಸರಿಯಾದ ಜಾಗದಲ್ಲಿ ಇಡುತ್ತದೆ. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್‌ಗೆ ವೈಫೈ ಬೇಕು. ತುಂಬಾ ಜನ ಇಲ್ಲೇ ನಿಂತುಬಿಡುತ್ತಾರೆ.

ಹತ್ತಿರ ಆಂಡ್ರಾಯ್ಡ್ ಫೋನ್ ಇದ್ದರೆ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ಫೋನ್ ಸೆಟ್ಟಿಂಗ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಯುಎಸ್‌ಬಿ ಟೆದರಿಂಗ್ ಅಂತ ಇದೆ, ಅದನ್ನು ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ಕೇಬಲ್ ಸಂಪರ್ಕ ಅಂತಲೇ ತಿಳಿಯುತ್ತದೆ. ಡ್ರೈವರ್ ಏನೂ ಬೇಡ. ಫೋನ್ ವೈಫೈನಲ್ಲಿ ಇದ್ದರೆ ಆ ವೈಫೈಯನ್ನೇ ಕೇಬಲ್ ಮೂಲಕ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಚಾರ್ಜ್ ಮಾತ್ರ ಮಾಡುವ ಕೇಬಲ್ ಆದರೆ ಆಯ್ಕೆ ಮಸುಕಾಗಿರುತ್ತದೆ. ಆಗ ಕೇಬಲ್ ಬದಲಿಸಿ.

ತೂಗುಸೇತುವೆ:
ಡೆಬಿಯನ್ ಅನ್ನುವ ಲಿನಕ್ಸ್ ಬಳಸುವವರಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್‌ಗಳು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿವೆ. ಇಂಟೆಲ್, ರಿಯಲ್‌ಟೆಕ್ ಇದ್ದವರಿಗೆ ಇದರಿಂದ ದೊಡ್ಡ ತಲೆನೋವು ಹೋಯಿತು. ಆದರೆ ಮರಕುಟಿಗ ಹೇಳಿದ ಕಾರಣಕ್ಕೇ ಈ ಹಳೇ ಬ್ರಾಡ್‌ಕಾಮ್‌ನದು ಅಲ್ಲೂ ಇಲ್ಲ. ಡೆಬಿಯನ್ 12 ಹಾಕಿದರೆ ತಾನಾಗೇ ಸರಿಹೋಗುತ್ತದೆ ಅಂತ ಕಾಯಬೇಡಿ.

ಬೆಳ್ಳಕ್ಕಿ:
ಯುಎಸ್‌ಬಿ ಟೆದರಿಂಗ್ ಗೊತ್ತೇ ಇರಲಿಲ್ಲ, ಎಷ್ಟು ಸುಲಭ! ಡಿಎಂಇಎಸ್‌ಜಿಯಲ್ಲಿ ಯುಕೋಡ್15 ಸಾಲು ಇತ್ತು. ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿದೆ. ದೀಪ ಹತ್ತಿತು, ಸುತ್ತಲಿನ ನೆಟ್‌ವರ್ಕ್‌ಗಳೆಲ್ಲ ಕಾಣುತ್ತಿವೆ. ತುಂಬಾ ಥ್ಯಾಂಕ್ಸ್.

ಆದರೆ ಮನೆಯದಕ್ಕೆ ಸೇರಿಕೊಳ್ಳುತ್ತಿಲ್ಲ. ಪಾಸ್‌ವರ್ಡ್ ಸರಿ ಇದೆ, ಫೋನ್‌ನಲ್ಲಿ ಅದೇ ನಡೆಯುತ್ತದೆ. ಇಲ್ಲಿ ಸ್ವಲ್ಪ ಹೊತ್ತು ಸುತ್ತಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ರೂಟರ್ ಹೊಸದು, ಇತ್ತೀಚೆಗೆ ಬದಲಾಯಿಸಿದ್ದು.

ತೂಗುಸೇತುವೆ:
ಹಾಗಾದರೆ ಲ್ಯಾಪ್‌ಟಾಪ್ ಬಿಟ್ಟು ಈಗ ರೂಟರ್ ಕಡೆ ಬನ್ನಿ. ಹೊಸ ರೂಟರ್ ಮತ್ತು ಹಳೇ ಕಾರ್ಡ್ ನಡುವೆ ಹೊಂದಾಣಿಕೆ ತಪ್ಪುವ ಜಾಗಗಳು ಇವೆ.

ನಿಮ್ಮ ಕಾರ್ಡ್ 802.11ಜಿ ಅನ್ನುವ ಹಳೇ ವೈಫೈ ಮಾನದಂಡದ ಕಾಲದ್ದು. ಅದಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್‌ನದು ಅದಕ್ಕೆ ಎಂದೂ ಕಾಣುವುದಿಲ್ಲ, ಯಾವ ಡ್ರೈವರ್ ಹಾಕಿದರೂ ಇಲ್ಲ. ಹೊಸ ರೂಟರ್‌ಗಳು ಎರಡಕ್ಕೂ ಒಂದೇ ಹೆಸರು ಇಟ್ಟು, ಬಂದ ಸಾಧನವನ್ನು 5 ಕಡೆಗೆ ತಳ್ಳಲು ನೋಡುತ್ತವೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ.

ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತದೆ ಅಂದರೆ ನನ್ನ ಅನುಮಾನ ಸೆಕ್ಯುರಿಟಿ ಸೆಟ್ಟಿಂಗ್ ಮೇಲೆ. ವೈಫೈ ಭದ್ರತೆಯ ಬಗೆಗಳಲ್ಲಿ ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಹೊಸ ರೂಟರ್ ಎರಡನ್ನೂ ಬೆರೆಸಿದ ಮೋಡ್‌ನಲ್ಲಿ ಇರುವುದು ಸಾಮಾನ್ಯ. ಹೆಸರಿಗೆ ಎರಡನ್ನೂ ಒಪ್ಪುತ್ತದೆ, ಆದರೆ ಅದರ ಜೊತೆ ಬರುವ ಹೊಸ ರಕ್ಷಣೆಯ ಸೂಚನೆಗಳು ಎಷ್ಟೋ ಹಳೇ ಡ್ರೈವರ್‌ಗಳಿಗೆ ಅರ್ಥವಾಗುವುದಿಲ್ಲ. 2.4ಕ್ಕೆ ಡಬ್ಲ್ಯುಪಿಎ2 ಪರ್ಸನಲ್, ಎಇಎಸ್ ಅಂತ ಮಾತ್ರ ಇಡಿ. ಟಿಕೆಐಪಿ ಅನ್ನುವ ಹಳೇ ಗೂಢಲಿಪಿ ಬಗೆ ಬೇಡ.

ಇನ್ನೊಂದು, ಚಾನೆಲ್. ಆಟೋ ಇದ್ದರೆ ರೂಟರ್ 12 ಅಥವಾ 13ಕ್ಕೆ ಹೋಗಬಹುದು. ಅಮೆರಿಕದ ನಿಯಮಕ್ಕೆ ಹೊಂದಿಸಿದ ಕಾರ್ಡ್‌ಗಳು 11ರವರೆಗೆ ಮಾತ್ರ ನೋಡುತ್ತವೆ. 1, 6, 11ರಲ್ಲಿ ಒಂದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ.

ಇಡೀ ಮನೆಯ ಸೆಟ್ಟಿಂಗ್ ಹಳೆಯದಕ್ಕೋಸ್ಕರ ಇಳಿಸುವುದು ನನಗೂ ಇಷ್ಟವಿಲ್ಲ. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಇದ್ದರೆ ಅದನ್ನು 2.4ರಲ್ಲಿ, ಡಬ್ಲ್ಯುಪಿಎ2ನಲ್ಲಿ ಶುರು ಮಾಡಿ ಲ್ಯಾಪ್‌ಟಾಪ್‌ಗೆ ಕೊಡಿ. ಉದ್ದನೆಯ ಪಾಸ್‌ವರ್ಡ್ ಇಡಿ. ಯಾರಾದರೂ ಡಬ್ಲ್ಯುಇಪಿ ಅನ್ನುವ ಇನ್ನೂ ಹಳೇ ಭದ್ರತೆ ಹಾಕಿ ಅಂದರೆ ದಯವಿಟ್ಟು ಒಪ್ಪಬೇಡಿ. ಅದನ್ನು ಒಡೆಯಲು ಕೆಲವೇ ನಿಮಿಷ ಸಾಕು.

ಬೆಳ್ಳಕ್ಕಿ:
ಗೆಸ್ಟ್ ನೆಟ್‌ವರ್ಕ್ ಮಾಡಿದೆ, ತಕ್ಷಣ ಸೇರಿಕೊಂಡಿತು! ಇದನ್ನು ಆ ಲ್ಯಾಪ್‌ಟಾಪ್‌ನಿಂದಲೇ ಬರೆಯುತ್ತಿದ್ದೇನೆ. ಮುಖ್ಯ ನೆಟ್‌ವರ್ಕ್ ಹೇಗಿತ್ತೋ ಹಾಗೇ ಇದೆ.

ಸಂಜೆಗಾಳಿ:
ನನ್ನದೂ ಇದೇ 4315. ಫರ್ಮ್‌ವೇರ್ ಹಾಕಿದ್ದೇನೆ, ಆದರೂ ಏನೂ ಆಗಲಿಲ್ಲ. ಯುಕೋಡ್ ದೂರೂ ಇಲ್ಲ. ಇದಕ್ಕೆ ಮುಂಚೆ ಡ್ರೈವರ್ ಮ್ಯಾನೇಜರ್ ತೋರಿಸಿದ 'ಬಿಸಿಎಂಡಬ್ಲ್ಯುಎಲ್-ಕರ್ನೆಲ್-ಸೋರ್ಸ್' ಕೂಡ ಹಾಕಲಾಗಿತ್ತು. ಅದಕ್ಕೇನಾದರೂ ಸಂಬಂಧ ಇದೆಯಾ?

ಮರಕುಟಿಗ:
ಅದೇ ಕಾರಣ. ಅದು ಬ್ರಾಡ್‌ಕಾಮ್ ಕಂಪನಿಯದೇ ಡ್ರೈವರ್, ಡಬ್ಲ್ಯುಎಲ್ ಅಂತ ಹೆಸರು. ಒಂದು ಚಿಪ್ಪನ್ನು ಇಬ್ಬರು ಹಿಡಿಯಬಾರದು ಅಂತ, ಆ ಪ್ಯಾಕೇಜ್ ಬರುವಾಗಲೇ ಬಿ43ಯನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸುತ್ತದೆ. ಆಮೇಲೆ ನೀವು ಬಿ43ಗೆ ಎಷ್ಟೇ ಫರ್ಮ್‌ವೇರ್ ಕೊಟ್ಟರೂ ಅದು ಎದ್ದೇಳುವುದೇ ಇಲ್ಲ. ಅದಕ್ಕೇ ದೂರು ಕೂಡ ಕಾಣುತ್ತಿಲ್ಲ.

ಒಂದನ್ನು ಆರಿಸಿ. ಈ ಚಿಪ್‌ಗೆ ನಾನು ಬಿ43 ಪರ. ಡಬ್ಲ್ಯುಎಲ್ ಹೊರಗಿನದು. ಕರ್ನೆಲ್ ಬದಲಾದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟಬೇಕು. ಕಂಪನಿ ಅದರ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು, ಮಿಂಟ್, ಡೆಬಿಯನ್ ಥರದ ಲಿನಕ್ಸ್ ವಿತರಣೆಯವರೇ ತೇಪೆ ಹಾಕಿ ನಡೆಸುತ್ತಿದ್ದಾರೆ. ಡಬ್ಲ್ಯುಎಲ್ ಪ್ಯಾಕೇಜನ್ನು ಪರ್ಜ್ ಮಾಡಿ ತೆಗೆಯಿರಿ. ಸುಮ್ನೆ ರಿಮೂವ್ ಅಂದರೆ ಸೆಟ್ಟಿಂಗ್ ಫೈಲ್ ಉಳಿದುಬಿಡಬಹುದು. ಆಮೇಲೆ ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಬಿ43 ಹೆಸರಿರುವ ಬ್ಲ್ಯಾಕ್‌ಲಿಸ್ಟ್ ಸಾಲು ಉಳಿದಿದೆಯೇ ನೋಡಿ, ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ.

ಇದು 4312ಕ್ಕೆ ಹೇಳಿದ್ದು. ಬ್ರಾಡ್‌ಕಾಮ್ ಅಂದ ಮಾತ್ರಕ್ಕೆ ಬಿ43 ಅಂತ ಹೊರಡಬೇಡಿ. 4313ಕ್ಕೆ ಬಿಆರ್‌ಸಿಎಂಎಸ್‌ಮ್ಯಾಕ್ ಅನ್ನುವ ಬೇರೆ ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಕಂಪನಿ 2010ರಲ್ಲಿ ತಾನೇ ಮೂಲ ಕೋಡ್ ತೆರೆದು ಕೊಟ್ಟದ್ದು. ಅದರ ಫರ್ಮ್‌ವೇರ್ ಹಂಚಲು ಅನುಮತಿಯೂ ಇದೆ.

ಸಂಜೆಗಾಳಿ:
ಪರ್ಜ್ ಮಾಡಿದ ಮೇಲೆ ಬಂತು! ಧನ್ಯವಾದ.

ಹೊಂಗೆನೆರಳು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ವಿಂಡೋಸ್ 7 ಇರುವ ಹಳೇ ಲ್ಯಾಪ್‌ಟಾಪ್. ವೈಫೈ ಕನೆಕ್ಟ್ ಆಗುತ್ತದೆ, ಸಿಗ್ನಲ್ ಪೂರ್ತಿ ಇದೆ. ಆದರೆ ಯಾವ ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಬರುತ್ತದೆ. ವೈಫೈ ಡ್ರೈವರ್ ಮತ್ತೆ ಹಾಕಬೇಕಾ?

ತೂಗುಸೇತುವೆ:
ಡ್ರೈವರ್ ಮುಟ್ಟಬೇಡಿ. ಪರದೆಯ ಮೂಲೆಯಲ್ಲಿ ತಾರೀಕು ಏನಿದೆ ನೋಡಿ.

ಹೊಂಗೆನೆರಳು:
2008ರ ಜನವರಿ 1 ಅಂತ ಇದೆ! ಗಮನಿಸಿಯೇ ಇರಲಿಲ್ಲ.

ತೂಗುಸೇತುವೆ:
ಮದರ್‌ಬೋರ್ಡ್ ಮೇಲೆ ಗಡಿಯಾರ ನಡೆಸುವ ಒಂದು ಬಿಲ್ಲೆ ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್2032. ಅದು ಮುಗಿದರೆ, ಬ್ಯಾಟರಿ ಚಾರ್ಜರ್ ಎರಡೂ ತೆಗೆದಾಗ ತಾರೀಕು ಹಿಂದಕ್ಕೆ ಹೋಗುತ್ತದೆ. ಪ್ರತಿ ಸೈಟ್‌ನ ಪ್ರಮಾಣಪತ್ರಕ್ಕೂ ಇಂತಹ ದಿನದಿಂದ ಇಂತಹ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಯಂತ್ರದ ಪ್ರಕಾರ ಆ ಪ್ರಮಾಣಪತ್ರಗಳು ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ನಂಬುವುದಿಲ್ಲ. ವಿಂಡೋಸ್ ತಾನೇ ಸಮಯ ಸರಿ ಮಾಡಿಕೊಳ್ಳಬೇಕಲ್ಲವೇ ಅಂದರೆ, ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೈಯಿಂದ ತಾರೀಕು ಸರಿ ಮಾಡಿ, ಸೆಲ್ ಬದಲಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಲ್‌ಗೆ ಸಣ್ಣ ವೈರ್ ಮತ್ತು ಕನೆಕ್ಟರ್ ಅಂಟಿರುತ್ತದೆ. ಅದೇ ಬಗೆಯದನ್ನು ಹಾಕಿ.

ಇನ್ನೊಂದು ಮಾತು ಮನಸಾರೆ ಹೇಳುತ್ತೇನೆ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಕಲ್ಲುಬೆಂಚು:
ನನ್ನ ಇಂಟೆಲ್ ಕಾರ್ಡ್ ಆರ್‌ಎಫ್‌ಕಿಲ್‌ನಲ್ಲಿ ಹಾರ್ಡ್ ಬ್ಲಾಕ್ಡ್ ಅಂತಲೇ ಇದೆ. ಈ ಲ್ಯಾಪ್‌ಟಾಪ್‌ನಲ್ಲಿ ಸ್ವಿಚ್ಚೇ ಇಲ್ಲ. ಎಲ್ಲ ಕಡೆ ಹುಡುಕಿದೆ.

ಮರಕುಟಿಗ:
ಸ್ವಿಚ್ ಇಲ್ಲದೆ ಹಾರ್ಡ್ ಬ್ಲಾಕ್ ಬರುವುದು ಮೂರು ಕಾರಣಕ್ಕೆ ನೋಡಿದ್ದೇನೆ. ಬಯಾಸ್ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ವೈರ್‌ಲೆಸ್ ಆಫ್ ಮಾಡಿರುವುದು. ಹಿಂದಿನ ವಿಂಡೋಸ್‌ನಲ್ಲಿ ಎಫ್‌ಎನ್ ಕೀಯಿಂದ ಆಫ್ ಮಾಡಿದ್ದು ಹಾಗೇ ನೆನಪಲ್ಲಿ ಉಳಿದಿರುವುದು. ಲ್ಯಾಪ್‌ಟಾಪ್ ತಯಾರಕರ ಕೀಗಳಿಗಾಗಿ ಇರುವ ಕರ್ನೆಲ್ ಮಾಡ್ಯೂಲ್ ಇಲ್ಲದ ಸ್ವಿಚ್ಚನ್ನು ಇದೆ ಅಂದುಕೊಳ್ಳುವುದು.

ಮೊದಲು ಪೂರ್ತಿ ಆಫ್ ಮಾಡಿ, ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬಯಾಸ್ ನೋಡಿ. ಆರ್‌ಎಫ್‌ಕಿಲ್‌ನಲ್ಲಿ ಕಾರ್ಡ್‌ನ ಸಾಲಿನ ಜೊತೆ ತಯಾರಕರ ಹೆಸರಿನ ಇನ್ನೊಂದು ಸಾಲು ಇದ್ದರೆ, ಮಾಡ್‌ಪ್ರೋಬ್‌ಗೆ ಡ್ಯಾಶ್ ಆರ್ ಸೇರಿಸಿ ಆ ಮಾಡ್ಯೂಲ್ ಇಳಿಸಿ ನೋಡಿ. ಬ್ಲಾಕ್ ಹೋದರೆ ಕಾರಣ ಸಿಕ್ಕಿತು. ಆಗ ಅದನ್ನು ಕಾಯಂ ಆಗಿ ಬ್ಲ್ಯಾಕ್‌ಲಿಸ್ಟ್ ಮಾಡಬಹುದು, ಒಂದೆರಡು ವಿಶೇಷ ಕೀಗಳು ಕೆಲಸ ಬಿಡಬಹುದು ಅಷ್ಟೇ.

ಕಲ್ಲುಬೆಂಚು:
ಬಯಾಸ್‌ನಲ್ಲೇ ಆಫ್ ಇತ್ತು. ಈಗ ಬಂತು. ಆದರೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಸಂಪರ್ಕ ಮಂಕಾಗುತ್ತದೆ. ಪುಟ ತೆರೆಯಲು ತಡ, ಆಮೇಲೆ ಸರಿ.

ತೂಗುಸೇತುವೆ:
ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಇರಬಹುದು. ಇಟಿಸಿ ಫೋಲ್ಡರ್‌ನಲ್ಲಿ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಕಾನ್ಫ್.ಡಿ. ಅಲ್ಲಿನ ಫೈಲ್‌ಗಳಲ್ಲಿ 'ವೈಫೈ.ಪವರ್‌ಸೇವ್' ಅನ್ನುವ ಸಾಲಿನ ಬೆಲೆ 3 ಇದ್ದರೆ 2 ಮಾಡಿ. 3 ಅಂದರೆ ಉಳಿತಾಯ ಆನ್, 2 ಅಂದರೆ ಆಫ್. ನೆಟ್‌ವರ್ಕ್‌ಮ್ಯಾನೇಜರ್ ಮತ್ತೆ ಶುರು ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ.

ನೀಲಿಶಾಯಿ:
ಕಾರ್ಡ್ ನಿಜವಾಗಿ ಹೋಗಿದ್ದರೆ? ಒಳಗಿನದನ್ನೇ ಬದಲಿಸುವುದು ಒಳ್ಳೆಯದಾ, ಡಾಂಗಲ್ ಒಳ್ಳೆಯದಾ?

ಮರಕುಟಿಗ:
ಎಲ್‌ಎಸ್‌ಪಿಸಿಐನಲ್ಲಿ ಕಾರ್ಡ್‌ನ ಸಾಲೇ ಇಲ್ಲ ಅಂದರೆ ಮೊದಲು ತೆಗೆದು ಮತ್ತೆ ಸರಿಯಾಗಿ ಕೂರಿಸಿ ನೋಡಿ. ಆಗಲೂ ಇಲ್ಲದಿದ್ದರೆ ಬದಲಿಸುವ ಮಾತು.

ಒಳಗಿನ ಕಾರ್ಡ್ ಬದಲಿಸಿದರೆ ಪರದೆಯ ಸುತ್ತ ಇರುವ ದೊಡ್ಡ ಆಂಟೆನಾ ಸಿಗುತ್ತದೆ, ಯುಎಸ್‌ಬಿ ಜಾಗವೂ ಉಳಿಯುತ್ತದೆ. ಆದರೆ ಕೆಲವು ತಯಾರಕರು ಬಯಾಸ್‌ನಲ್ಲಿ ತಾವು ಒಪ್ಪಿದ ಕಾರ್ಡ್‌ಗಳ ಪಟ್ಟಿ ಇಟ್ಟಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಹಾಕಿದರೆ ಯಂತ್ರ ಶುರುವಾಗುವುದೇ ಇಲ್ಲ, ಅನುಮತಿ ಇಲ್ಲದ ಕಾರ್ಡ್ ಅಂತ ಬರೆದು ನಿಲ್ಲುತ್ತದೆ. ಸ್ವಂತ ಹಣ ಕೊಟ್ಟು ಕೊಂಡ ಯಂತ್ರದಲ್ಲಿ ಹೀಗೆ ಕಟ್ಟಿಹಾಕುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದ್ದರಿಂದ ಕೊಳ್ಳುವ ಮುಂಚೆ ನಿಮ್ಮ ಮಾಡೆಲ್‌ಗೆ ಈ ಪಟ್ಟಿ ಇದೆಯೇ ಅಂತ ನೋಡಿ. ಮಾಡೆಲ್ ಹೆಸರು ನಿಜವಾಗಿ ಬೇಕಾಗುವುದು ಇಲ್ಲಿ. ಸ್ಲಾಟ್ ಮಿನಿ ಪಿಸಿಐ, ಮಿನಿ ಪಿಸಿಐ ಎಕ್ಸ್‌ಪ್ರೆಸ್, ಎಂ.2, ಯಾವುದು ಅಂತಲೂ ನೋಡಿ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಆಂಟೆನಾ ವೈರ್‌ಗಳ ತುದಿಯನ್ನು ವೈರ್ ಹಿಡಿದು ಎಳೆಯಬೇಡಿ. ಉಗುರಿನಿಂದ ನೇರ ಮೇಲಕ್ಕೆ ಎತ್ತಿ. ಮತ್ತೆ ಹಾಕುವಾಗ ಟಿಕ್ ಅಂತ ಕೂರಬೇಕು. ಕೂರದಿದ್ದರೆ ರೂಟರ್ ಪಕ್ಕದಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

ಡಾಂಗಲ್ ಕೊಳ್ಳುವಾಗ ಡಬ್ಬಿಯ ಮೇಲಿನ ವೇಗ ನೋಡಬೇಡಿ, ಒಳಗಿನ ಚಿಪ್ ಯಾವುದು ಅಂತ ಕೇಳಿ. ಅಥೆರಾಸ್ ಎಆರ್9271 ಲಿನಕ್ಸ್‌ನಲ್ಲಿ ಬಹಳ ಕಾಲದಿಂದ ಚೆನ್ನಾಗಿ ನಡೆಯುತ್ತಿದೆ, 2.4 ಮಾತ್ರ. 5 ಕೂಡ ಬೇಕಾದರೆ ಮೀಡಿಯಾಟೆಕ್ ಎಂಟಿ7610ಯು, ಎಂಟಿ7612ಯು ನೋಡಿ, ಡ್ರೈವರ್ ಕರ್ನೆಲ್ 4.19ರಿಂದ ಒಳಗೇ ಇದೆ. ಒಂದೇ ಮಾಡೆಲ್ ಹೆಸರಿನಲ್ಲಿ ಚಿಪ್ ಬದಲಿಸಿ ಮಾರುವುದೂ ಉಂಟು, ಆವೃತ್ತಿ ಸಂಖ್ಯೆ ಗಮನಿಸಿ.

ನೀಲಿಶಾಯಿ:
ನನ್ನ ಹತ್ತಿರ ಇರುವ ಡಾಂಗಲ್ ಸಿಕ್ಕಿಸಿದರೆ ಸಿಡಿ ಡ್ರೈವ್ ಅಂತ ತೋರಿಸುತ್ತದೆ. ಇದು ಯಾಕೆ?

ತೂಗುಸೇತುವೆ:
ವಿಂಡೋಸ್ ಡ್ರೈವರ್ ಅದರೊಳಗೇ ಇಟ್ಟು, ಮೊದಲು ಸಿಡಿಯಂತೆ ಕಾಣಿಸಿಕೊಳ್ಳುವ ಬಗೆ ಅದು. ಆ ಸಿಡಿಯನ್ನು ಇಜೆಕ್ಟ್ ಮಾಡಿ ನೋಡಿ, ವೈಫೈ ಆಗಿ ಬದಲಾಗಬಹುದು. ಇಲ್ಲದಿದ್ದರೆ 'ಯುಎಸ್‌ಬಿ ಮೋಡ್‌ಸ್ವಿಚ್' ಪ್ಯಾಕೇಜ್ ಹಾಕಿ. ಯುಎಸ್‌ಬಿ ಸಾಧನದ ಸಂಖ್ಯೆ 'ಎಲ್‌ಎಸ್‌ಯುಎಸ್‌ಬಿ' ಕಮಾಂಡ್‌ನಲ್ಲಿ ಸಿಗುತ್ತದೆ. ಅದನ್ನು ಇಲ್ಲಿ ಹಾಕಿ, ನೋಡೋಣ.

ಬೆಳ್ಳಕ್ಕಿ:
ಒಂದೇ ಒಂದು ಪ್ರಶ್ನೆ ಉಳಿದಿದೆ. ಅಮ್ಮನಿಗೆ ಕೊಟ್ಟ ಮೇಲೆ ಅಪ್‌ಡೇಟ್ ಬಂದಾಗ ವೈಫೈ ಮತ್ತೆ ಹೋಗಿಬಿಡುತ್ತದಾ? ಅವರ ಹತ್ತಿರ ನಾನು ಇರುವುದಿಲ್ಲ.

ಮರಕುಟಿಗ:
ಬಿ43 ಕರ್ನೆಲ್ ಜೊತೆಗೇ ಬರುತ್ತದೆ. ಫರ್ಮ್‌ವೇರ್ ಲಿಬ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇದೆ, ಕರ್ನೆಲ್ ಅಪ್‌ಡೇಟ್ ಅದನ್ನು ಅಳಿಸುವುದಿಲ್ಲ. ಧೈರ್ಯವಾಗಿ ಅಪ್‌ಡೇಟ್ ಮಾಡಲು ಹೇಳಿ. ಆ ಫೋಲ್ಡರ್‌ನಲ್ಲಿ ಬಿ43 ಅಂತ ಇರುವುದನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಇಟ್ಟುಕೊಳ್ಳಿ. ಮುಂದೆ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗಿ ಬಂದರೆ ಅದನ್ನು ಅದೇ ಜಾಗಕ್ಕೆ ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಕು, ಇಂಟರ್‌ನೆಟ್ ಬೇಕಾಗುವುದಿಲ್ಲ. ಗೆಸ್ಟ್ ನೆಟ್‌ವರ್ಕ್‌ನ ಹೆಸರು, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಕೊಡಿ. ಅವರ ಮನೆಯ ರೂಟರ್ ಬೇರೆಯಾದರೆ ತೂಗುಸೇತುವೆಯವರು ಹೇಳಿದ ಸೆಟ್ಟಿಂಗ್‌ಗಳನ್ನು ಅಲ್ಲಿಗೆ ಹೋದಾಗಲೇ ಮಾಡಿ ಬನ್ನಿ.

ಬೆಳ್ಳಕ್ಕಿ:
ನಕಲು ಮಾಡಿಟ್ಟೆ. ಅಲ್ಲಿನ ರೂಟರ್ ನೋಡಿ ಬಂದು ಇಲ್ಲೇ ಬರೆಯುತ್ತೇನೆ.